ಹೂವಿನ ಹೊಲದ ಬಲ್ಬು

ಗೌರಿ ಹಬ್ಬ ಮುಗಿದ ವಾರ ನನ್ನ ಓರಗಿತ್ತಿಯ ಕರುವನ್ನು ಚಿರತೆ ಎತ್ತಿಕೊಂಡು ಹೋಯಿತು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಅಷ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಗೂಟ ಇದೆ, ಹಗ್ಗ ಇದೆ, ಕರು ಇಲ್ಲ. ಎಳೆದುಕೊಂಡು ಹೋದ ಗುರುತು ರಾಗಿ ಹೊಲದ ನಡುವೆ ಹಾದು ಹಳೆಯ ಕಲ್ಲುಕೋರೆಯ ಕಡೆಗೆ ಹೋಗಿತ್ತು. ಆ ಕೋರೆಯಲ್ಲಿ ಕಲ್ಲು ಒಡೆಯುವುದು ನಿಂತು ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಚಿರತೆಗಳು ಸಂಸಾರ ಮಾಡಿಕೊಂಡಿವೆ.

ಫಾರೆಸ್ಟಿನವರು ಬಂದರು. ಹೆಜ್ಜೆ ಅಳೆದರು, ಫೋಟೋ ಹಿಡಿದರು. ಕೊಟ್ಟಿಗೆ ಇರುವವರೆಲ್ಲ ರಾತ್ರಿ ಪೂರ್ತಿ ಲೈಟು ಉರಿಸಬೇಕು ಎಂದು ಹೇಳಿ ಜೀಪು ಹತ್ತಿದರು. ಯಾವ ಲೈಟು ಎಂದು ಹೇಳಲಿಲ್ಲ. ಬಲ್ಬು ಕೊಟ್ಟೂ ಹೋಗಲಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಇರುವುದು ಒಂದು ಹಸು, ಅದರ ಹೆಣ್ಣು ಕರು. ನಮ್ಮೂರು ತಿಗನಾರೆಯಲ್ಲಿ ನಮ್ಮಂಥವರಿಗೆ ಹೊಲ ಎಂದು ಇರುವುದು ಮಳೆ ನಂಬಿದ ಒಂದಿಷ್ಟು ಮಾನಾವರಿ. ಅದರಲ್ಲಿ ಬೆಳೆದದ್ದರಲ್ಲಿ ಹಂದಿಗೆಷ್ಟು, ಆನೆಗೆಷ್ಟು ಎಂದು ಲೆಕ್ಕ ಬಿಟ್ಟು ಮಿಕ್ಕಿದ್ದು ನಮಗೆ. ಹಾಗಾಗಿ ದಿನದ ಬದುಕು ಕೂಲಿಯ ಮೇಲೆ, ಹಾಲಿನ ಮೇಲೆ. ಮಗ ತರಕಾರಿ ಲಾರಿಗೆ ಲೋಡು ಎತ್ತಲು ಸಂಜೆ ಹೋದರೆ ಬರುವುದು ಬೆಳಿಗ್ಗೆ. ಮನೆಯಲ್ಲಿ ರಾತ್ರಿ ಇರುವವರು ನಾನು, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು, ಮತ್ತೆ ನಮ್ಮ ಮುದುಕ. ಮುದುಕ ಎಂದರೆ ನನ್ನ ಗಂಡ.

ಓರಗಿತ್ತಿಯ ಕರು ಹೋದ ದಿನವೇ ಮುದುಕ ತನ್ನ ಮಂಚವನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹಾಕಿಕೊಂಡ. ಅವನಿಗೆ ಗೂರಲು. ನಮ್ಮ ಬೆಟ್ಟದ ಮೇಲೆ ದಸರೆ ಬರುವ ಹೊತ್ತಿಗೆ ಚಳಿ ಶುರುವಾಗುತ್ತದೆ. ಕೊಟ್ಟಿಗೆಯ ಗೋಡೆ ಅರ್ಧ, ಮೇಲೆ ಬರೀ ಗಾಳಿ. ಬೆಳಿಗ್ಗೆ ಎದ್ದರೆ ಅವನ ಎದೆಯೊಳಗೆ ಹಳೆಯ ತಿದಿ ಒತ್ತಿದಂತೆ ಸದ್ದು.

“ಅಲ್ ಯಾಕ್ ಮಲಗೀಯ? ಚಿರ್ತೆ ಬಂದ್ರೆ ಕರ ಬುಟ್ಟು ನಿನ್ನೇ ಒತ್ಕಂಡ್ ಓಯ್ತದೆ,” ಅಂದೆ.

“ನನ್ನ ಕಚ್ಚುದ್ರೆ ಅದ್ಕೇ ಅಲ್ಲು ಮುರೀತದೆ. ಬರೀ ಮೂಳೆ,” ಅಂದ.

“ಲೈಟ್ ಆಕ್ತೀನಿ. ಒಳ್ಗ ಬಾ.”

“ರಾತ್ರಿ ಪೂರಾ ಉರ್ದ್ರೆ ಬತ್ತೀನಿ. ನಡುವ್ಗ ಆರೋಯ್ತದೆ ಅಂದ್ರೆ ಬರಾದಿಲ್ಲ ಕಣ.”

ಮಾತು ಅಲ್ಲಿಗೆ ನಿಂತಿತು. ಅವನು ಹಟದ ಮನುಷ್ಯ. ನಾನೂ ಕಡಿಮೆ ಇಲ್ಲ. ರಾತ್ರಿ ಪೂರ್ತಿ ಉರಿಯುವ ಒಂದು ಲೈಟು ಕೊಟ್ಟಿಗೆಗೆ ಆಗಬೇಕು, ಆಗ ಅವನು ಒಳಗೆ ಬರುತ್ತಾನೆ, ಚಳಿಗಾಲ ದಾಟುತ್ತಾನೆ. ಇಷ್ಟೇ ಕೆಲಸ. ಇಷ್ಟು ಕೆಲಸಕ್ಕೆ ನಾನು ಪಟ್ಟ ಪಾಡು ನೋಡಿ.

ಮೊದಲು ಒಳಮನೆಯಲ್ಲಿದ್ದ ಗುಂಡು ಬಲ್ಬನ್ನೇ ಬಿಚ್ಚಿ ಕೊಟ್ಟಿಗೆಗೆ ಹಾಕಿದೆವು. ಹಳೆಯ ಕಾಲದ್ದು, ಒಳಗೆ ತಂತಿ ಕೆಂಪಗೆ ಕಾಯುತ್ತದಲ್ಲ, ಅದು. ಒಳ್ಳೆಯ ಬೆಳಕು. ಬೇಲಿಯವರೆಗೂ ಚೆಲ್ಲುತ್ತಿತ್ತು. ಹುಳ ಬಂದು ಅದಕ್ಕೆ ಬಡಿದು ಬಡಿದು ಸಾಯುತ್ತಿದ್ದವು, ಹಸು ಬಾಲದಲ್ಲಿ ಹೊಡೆದುಕೊಳ್ಳುತ್ತಿತ್ತು. ಮುದುಕ ಒಳಗೆ ಬಂದು ಮಲಗಿದ. ನಾನು ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ತಿಂಗಳಿಗೆ ನೂರು ಯೂನಿಟ್ಟಿನವರೆಗೆ ಸರ್ಕಾರದವರು ನಮಗೆ ಬಿಟ್ಟಿದ್ದಾರೆ. ಅದರೊಳಗೆ ಇದ್ದುಕೊಂಡರೆ ಬಿಲ್ಲು ಬರುವುದಿಲ್ಲ. ನಮ್ಮ ಮನೆ ಎಂದೂ ಅದನ್ನು ದಾಟಿರಲಿಲ್ಲ. ದಾಟಲು ಏನಿದೆ? ಒಂದು ಫ್ಯಾನು, ಟೀವಿ, ಮಿಕ್ಸಿ, ಎರಡು ಬಲ್ಬು. ಆ ಸಲ ರೀಡಿಂಗ್ ನೋಡಲು ಬಂದ ಕರೆಂಟಿನವನು ಮೀಟರಿನ ಕೆಳಗೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಎನ್ನ ಪಾಟಿ, ಮಿಲ್ಲು ವೆಚ್ಚಿರುಕ್ಕೀಂಗಳಾ?” ಅಂದ. ಏನಜ್ಜಿ, ಗಿರಣಿ ಇಟ್ಟಿದ್ದೀರಾ ಎಂದು. ನಮ್ಮೂರ ಮಾತು ಕನ್ನಡ, ಸರ್ಕಾರದ್ದು ತಮಿಳು.

“ಊಂ, ಚಿರ್ತೆಗ್ ಇಟ್ಟು ಬೀಸಿ ಕೊಡ್ತಾ ಇವ್ನಿ,” ಅಂದೆ. ಅವನಿಗೆ ಕನ್ನಡ ಬರುತ್ತದೆ, ಆದರೂ ನಗಲಿಲ್ಲ. ಕೊಟ್ಟಿಗೆಯ ಬಲ್ಬು ನೋಡಿದ. ಇದನ್ನು ಮೊದಲು ಬಿಚ್ಚಿ, ಎಲ್‌ಇಡಿ ಹಾಕಿ, ಅದು ಇದರ ಹತ್ತರಲ್ಲಿ ಒಂದು ಪಾಲೂ ಕರೆಂಟು ಕುಡಿಯುವುದಿಲ್ಲ ಎಂದು ಹೇಳಿ ಹೋದ. ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಗುಂಡು ಬಲ್ಬು ಇಳಿಸಿದೆವು. ಮುದುಕ ಮಂಚ ಎತ್ತಿಕೊಂಡು ಹೊರಟ.

ತಾಳವಾಡಿ ಸಂತೆಗೆ ಹೋದೆ. ಅಲ್ಲಿ ತಳ್ಳುಗಾಡಿಯಲ್ಲಿ ಬಲ್ಬು ಮಾರುವವನೊಬ್ಬ ಬರುತ್ತಾನೆ. ಗಾಡಿಯ ಮೇಲೆ ಬ್ಯಾಟರಿ ಇಟ್ಟುಕೊಂಡು ಸಾಲಾಗಿ ಬಲ್ಬು ಉರಿಸಿರುತ್ತಾನೆ, ಹಗಲಲ್ಲಿ ಅದರ ಬೆಳಕು ಯಾರಿಗೂ ಬೇಡ, ಆದರೂ ಜನ ನಿಂತು ನೋಡುತ್ತಾರೆ. ಅವನು ಒಂದು ಬಲ್ಬು ಎತ್ತಿ ಕಲ್ಲಿನ ಮೇಲೆ ಎಸೆದ. ಅದು ಪುಟಿದು ನನ್ನ ಕಾಲ ಹತ್ತಿರ ಬಂದು ಬಿತ್ತು. ಅದನ್ನೇ ಹೆಕ್ಕಿ ಹೋಲ್ಡರಿಗೆ ತಿರುಗಿಸಿ ಉರಿಸಿ ತೋರಿಸಿದ. ಒಡೆಯುವುದಿಲ್ಲ ಪಾಟಿ, ನೋಡಿ ಅಂದ. ನಾನು ಮನೆಯಲ್ಲಿ ಬಲ್ಬನ್ನು ಕಲ್ಲಿಗೆ ಎಸೆಯುವವಳಲ್ಲ. ಆದರೂ ಆಗ ಅದೇ ದೊಡ್ಡದಾಗಿ ಕಂಡಿತು. ಗ್ಯಾರಂಟಿ ಕೇಳಿದೆ.

“ಇಂದ ವೆಲೈಕ್ಕಾ? ಗ್ಯಾರಂಟಿ ವೇಣುಂನ್ನಾ ಕಡೈಕ್ಕು ಪೋಂಗ ಪಾಟಿ,” ಅಂದ. ಈ ಬೆಲೆಗೆ ಗ್ಯಾರಂಟಿಯೂ ಬೇಕಾ, ಬೇಕಾದರೆ ಅಂಗಡಿಗೆ ಹೋಗಿ ಎಂದು. ಒಂದರ ಬೆಲೆಗೆ ಎರಡು ಕೊಟ್ಟ. ತಂದೆ.

ಬಿದ್ದರೆ ಒಡೆಯದ ಬಲ್ಬು ನೇತು ಹಾಕಿದರೆ ಸತ್ತಿತು. ಮೊದಲನೆಯದು ಮಿಣುಕತೊಡಗಿತು, ಆಮೇಲೆ ಬಲ್ಬಿನೊಳಗೆ ಮಿಂಚುಹುಳ ಸೇರಿಕೊಂಡಂತೆ ಆಯಿತು, ಆಮೇಲೆ ಏನೂ ಇಲ್ಲ. ಎರಡನೆಯದು ಮಿಣುಕುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ತಪ್ಪು ಬಲ್ಬಿನದೊಂದೇ ಅಲ್ಲ. ನಮ್ಮ ಕಡೆ ಎಲ್ಲರ ಬೋರಿನ ಮೋಟಾರೂ ಒಟ್ಟಿಗೆ ಓಡಿದರೆ ಕರೆಂಟು ಸೊರಗುತ್ತದೆ, ಒಟ್ಟಿಗೆ ನಿಂತರೆ ಕುದುರೆ ಹಾಗೆ ಎಗರುತ್ತದೆ. ಎಗರಿದಾಗ ಬಲ್ಬು ತಡೆಯುವುದಿಲ್ಲ.

“ಬಂದದಾ ನಿನ್ನ ಎರಡ್ ಬಲ್ಬು?” ಅಂದ ಮುದುಕ, ಮಂಚದ ಮೇಲಿಂದಲೇ.

“ಬಂದಿದ್ದೊ, ಓದೊ.”

“ನಾನ್ ಇಲ್ಲೇ ಇವ್ನಿ. ನಾನೇನ್ ಓಗ್ನಿಲ್ಲ.” ಅಷ್ಟು ಹೇಳಿ ಕೆಮ್ಮಿದ. ಹಸು ತಿರುಗಿ ಅವನನ್ನೇ ನೋಡಿತು. ಅದಕ್ಕೂ ನಿದ್ದೆ ಇಲ್ಲ, ಪಾಪ.

ಮೂರನೆಯ ಸಲ ಗಾಡಿ ಬಿಟ್ಟು ಅಂಗಡಿಗೇ ಹೋದೆ. ಅಂಗಡಿಯವನು ಗಾಜಿನ ಹಿಂದಿನಿಂದ ಒಂದು ಬಲ್ಬು ತೆಗೆದ. ಚೆಂದದ ರಟ್ಟಿನ ಪೆಟ್ಟಿಗೆ, ಮೇಲೆ ನಗುವ ಹೆಂಗಸಿನ ಚಿತ್ರ. ಬಲ್ಬು ಹಿಡಿದುಕೊಂಡು ಇಷ್ಟು ನಗುವವಳನ್ನು ನಾನು ಎಲ್ಲೂ ಕಂಡಿಲ್ಲ. ಕೆಟ್ಟರೆ ಬದಲಿಸಿ ಕೊಡುತ್ತೇವೆ ಎಂದು ಹೇಳಿದ. ಬೆಲೆ ಕೇಳಿ ಸೆರಗಿನ ಗಂಟು ಬಿಚ್ಚಿ ಎರಡು ಸಲ ಎಣಿಸಿದೆ. ಆದರೂ ತಂದೆ. ಮನೆಗೆ ಬಂದು ಬಲ್ಬನ್ನು ಹೋಲ್ಡರಿಗೆ ಹಾಕಿದೆ. ಪೆಟ್ಟಿಗೆಯನ್ನು, ಅದರೊಳಗಿದ್ದ ಬಿಲ್ಲಿನ ಸಮೇತ, ಒಲೆಗೆ ಹಾಕಿದೆ. ಮಳೆ ಹಿಡಿದು ಸೌದೆ ಹಸಿಯಾಗಿತ್ತು, ರಟ್ಟು ಚೆನ್ನಾಗಿ ಹತ್ತಿಕೊಂಡಿತು.

ಆಯುಧಪೂಜೆಯ ಮೊದಲು ಆ ಬಲ್ಬೂ ಹೋಯಿತು. ತೆಗೆದುಕೊಂಡು ಹೋಗಿ ಅಂಗಡಿಯವನ ಮುಂದೆ ಇಟ್ಟೆ.

“ಡಬ್ಬ ಎಲ್ಲವ್ವ?” ಅಂದ.

“ಡಬ್ಬ ಯಾಕೆ? ಕೆಟ್ಟಿರದು ಬಲ್ಬು.”

“ಡಬ್ಬ, ಬಿಲ್ಲು ಇಲ್ದೆ ಕಂಪನಿಯವ್ರು ಒಪ್ಪಲ್ಲ ಕಣವ್ವ. ಏನ್ ಮಾಡ್ದೆ ಅದ?”

“ಅನ್ನ ಮಾಡ್ದೆ,” ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಸಂತೆಗೆ ಬಂದಿದ್ದ ಸೊಸೆಗೆ ಬಸ್ಸಿನಲ್ಲಿ ಬರುವಾಗ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗಲಿ. ಮನೆಯಲ್ಲಿ ಬೇರೆ ಏನೂ ಪುಕ್ಕಟೆ ಸಿಗುವುದಿಲ್ಲ.

ಇನ್ನು ಹೂವಿನ ಹೊಲದ ವಿಷಯ. ನಾನೂ ಸೊಸೆಯೂ ಕೂಲಿಗೆ ಹೋಗುವುದು ಒಬ್ಬ ಗೌಡರ ಸೇವಂತಿಗೆ ಹೊಲಕ್ಕೆ. ಸೇವಂತಿಗೆಯದು ಒಂದು ಗುಣ ಇದೆ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದರೆ ಅದು ಮೊಗ್ಗು ಬಿಡುತ್ತದೆ. ಗಿಡ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಬಿಟ್ಟರೆ ಹೂವು ಸಣ್ಣ, ರೇಟಿಲ್ಲ. ಅದಕ್ಕೆ ಹೊಲದ ತುಂಬ ಗೂಟ ನೆಟ್ಟು, ತಂತಿ ಎಳೆದು, ಸಾಲಾಗಿ ಬಲ್ಬು ಕಟ್ಟಿ ರಾತ್ರಿ ಹೊತ್ತು ಉರಿಸುತ್ತಾರೆ. ಗಿಡ ಇನ್ನೂ ಹಗಲೇ ಎಂದುಕೊಂಡು ಬರೀ ಎಲೆ ಬಿಟ್ಟು ಎತ್ತರಕ್ಕೆ ಬೆಳೆಯುತ್ತದೆ. ಸಾಕು ಅನ್ನಿಸಿದಾಗ ಲೈಟು ನಿಲ್ಲಿಸುತ್ತಾರೆ. ಆಮೇಲೆ ಅದು ಮೊಗ್ಗಿಗೆ ಕೂರುತ್ತದೆ. ದೂರದಿಂದ ನೋಡಿದರೆ ಮದುವೆ ಮನೆಯ ಹಾಗೆ ಕಾಣುತ್ತದೆ ಹೊಲ. ಹತ್ತಿರ ಹೋದರೆ ಸೊಳ್ಳೆ.

ದಸರೆ ಕಳೆದ ಮೇಲೆ ಆ ಬಲ್ಬು ಬಿಚ್ಚುವ ಕೆಲಸ ನಮ್ಮ ಹೆಂಗಸರದು. ಒಬ್ಬಳು ಬಿಚ್ಚಬೇಕು, ಒಬ್ಬಳು ಬಟ್ಟೆಯಲ್ಲಿ ಒರೆಸಬೇಕು, ಒಬ್ಬಳು ಹುಲ್ಲು ಹಾಸಿ ಮೂಟೆಗೆ ಇಡಬೇಕು. ಆ ದಿನ ನಾನು ಒರೆಸುವವಳು. ಒರೆಸುತ್ತ ಒರೆಸುತ್ತ ಕೈಯಲ್ಲಿರುವುದು ಏನು ಎಂದು ಹೊಳೆಯಿತು. ಇಡೀ ಮಳೆಗಾಲ ಬಯಲಿನಲ್ಲಿ ನೇತಾಡಿ, ಗಾಳಿ, ನೀರು, ನಮ್ಮೂರ ಕರೆಂಟು ಎಲ್ಲ ತಿಂದು ಸಾಯದೆ ಉಳಿದ ಬಲ್ಬು ಇವು, ಕರೆಂಟೂ ಕಡಿಮೆ ಕುಡಿಯುವಂಥವು. ಇವಕ್ಕಿಂತ ಗಟ್ಟಿ ಬಲ್ಬು ಯಾವ ಅಂಗಡಿಯಲ್ಲಿದೆ?

ಗೌಡರು ಬದುವಿನ ಮೇಲೆ ಕೂತಿದ್ದರು.

“ಬುದ್ಧಿ, ಈ ಮೂಟೆ ಏನ್ ಮಾಡೀರಿ?” ಅಂದೆ.

“ಗುಜರೀಗ್ ಆಕ್ತೀನಿ ಕಣವ್ವ. ಮುಂದ್ಲ ಬೆಳಗ ಒಸಾವು ತರುಸ್ತೀನಿ. ಇನ್ನೂ ಕಮ್ಮಿ ಕರೆಂಟ್ ಕುಡ್ಯಾವು ಬಂದವೆ.”

“ಗುಜರಿಯವ್ನು ಏನ್ ಕೊಟ್ಟನು? ನಂಗ ಕೊಡಿ. ಒಂದಿನದ ಕೂಲಿ ಇಡ್ಕಳಿ.”

“ಕೂಲಿ ಇಡ್ಕಂಡು ಅಳೇ ಬಲ್ಬ್ ಕೊಟ್ರು ಅಂತ ಊರೆಲ್ಲ ಸಾರ್ಕಂಡ್ ಬಂದೀಯ. ನಿನ್ನ ಬಾಯಿ ನಂಗ ಗೊತ್ತಿಲ್ವಾ?”

“ಸಾರ್ತೀನಿ. ಅದ್ಕೇ ಸುಮ್ಕ ಕೊಟ್ಬುಡಿ.”

ಅವರು ನಕ್ಕುಬಿಟ್ಟರು. ಮೂರು ತೆಗೆದುಕೊ ಅಂದರು. ಮೋಟಾರು ಮನೆಯ ಹೋಲ್ಡರಿಗೆ ಒಂದೊಂದೇ ಹಾಕಿ ಉರಿಸಿ ನೋಡಿ, ಮೂರನ್ನು ಆರಿಸಿಕೊಂಡು ಮಡಿಲಿಗೆ ಕಟ್ಟಿಕೊಂಡೆ. ಗೌಡರು ನೋಡುತ್ತಲೇ ಇದ್ದರು, ಮೂರಕ್ಕೆ ಮೂಟೆಯನ್ನೆಲ್ಲ ಕೆದಕಿದಳಲ್ಲ ಎಂದು.

ಅವುಗಳಲ್ಲಿ ಒಂದು ಕೊಟ್ಟಿಗೆಯ ಮೂಲೆಯಲ್ಲಿ ನೇತು ಬಿತ್ತು. ಕೆನ್ನೆಯ ಮೇಲೆ ಮಣ್ಣಿನ ಕಲೆ, ಒರೆಸಿದರೆ ಹೋಗುವುದಿಲ್ಲ. ಬೆಳಕು ಬೆಳ್ಳಗೆ, ಗುಂಡು ಬಲ್ಬಿನಷ್ಟು ಬೆಚ್ಚಗೆ ಇರುವುದಿಲ್ಲ. ಆದರೆ ಉರಿಯಿತು. ಮರುದಿನವೂ ಉರಿಯಿತು. ವಾರ ಕಳೆದರೂ ಉರಿಯುತ್ತಲೇ ಇತ್ತು. ಒಂದು ಸಂಜೆ ಮುದುಕ ಮಂಚ ಹೊತ್ತು ಒಳಗೆ ತಂದ. ಬಾಗಿಲಲ್ಲಿ ಸಿಕ್ಕಿಕೊಂಡಿತು, ಸೊಸೆ ಹಿಡಿದು ಓರೆ ಮಾಡಿಕೊಟ್ಟಳು. ಯಾರೂ ಏನೂ ಹೇಳಲಿಲ್ಲ. ಹೇಳಿದರೆ ಮತ್ತೆ ಹೊರಡುತ್ತಾನೆ. ನಾಲ್ಕು ದಿನದಲ್ಲಿ ಅವನ ಎದೆಯ ಸದ್ದು ಇಳಿಯಿತು.

ಇಲ್ಲಿಗೆ ಮುಗಿದಿದ್ದರೆ ಬರೆಯಲು ಕೂರುತ್ತಿರಲಿಲ್ಲ.

ಕೊಟ್ಟಿಗೆಯ ಪಕ್ಕದಿಂದ ಬೇಲಿಯವರೆಗೆ ನಾನು ಪ್ರತಿ ವರ್ಷ ಅವರೆ ಹಬ್ಬಿಸುತ್ತೇನೆ. ಕೋರೆಯ ಕಡೆಯ ಬೇಲಿ ಅದು. ನಮ್ಮ ತಾಯಿ ಮನೆಯ ಬೀಜ. ಮಳೆಗೆ ಹಾಕಿದರೆ ದೀಪಾವಳಿಗೆ ಹೂವು, ಚಳಿ ಬಿದ್ದಂತೆ ಕಾಯಿ. ಆ ಚಳಿಗಾಲ ಪೂರ್ತಿ ನಮ್ಮ ಮನೆಯಲ್ಲಿ ಸಾರಿಗೆ ಬೇರೆ ಯೋಚನೆ ಇರುವುದಿಲ್ಲ. ಮಿಕ್ಕಿದ್ದನ್ನು ಸೊಸೆ ಸಂತೆಗೆ ಒಯ್ಯುತ್ತಾಳೆ. ಸೊಗಡಿನ ಅವರೆಕಾಯಿ, ಕೈಗೆ ಅಂಟುತ್ತದೆ, ಜನ ಮೂಸಿ ನೋಡಿಯೇ ತೆಗೆದುಕೊಳ್ಳುತ್ತಾರೆ.

ದೀಪಾವಳಿ ಆಯಿತು. ಪಕ್ಕದ ಗುಮಟಾಪುರದವರು ವರ್ಷದ ಪದ್ಧತಿಯಂತೆ ಸಗಣಿಯಲ್ಲಿ ಹೊಡೆದಾಡಿ ಮಿಂದು ಮನೆಗೆ ಹೋದರು. ಓರಗಿತ್ತಿಯ ಬೇಲಿಯ ಮೇಲೆ ಅವರೆ ಹೂವು ಕಣ್ಣಿಗೆ ರಾಚುತ್ತಿತ್ತು. ನಮ್ಮದರಲ್ಲಿ ಎಲೆ. ಅಂಗೈ ಅಗಲದ ಕಪ್ಪು ಹಸಿರು ಎಲೆ, ಒಂದರ ಮೇಲೊಂದು. ಬಳ್ಳಿ ಬೇಲಿ ದಾಟಿ ಆಚೆಗೂ ಇಳಿದಿದೆ. ಒಂದು ಹೂವಿಲ್ಲ.

ಓರಗಿತ್ತಿ ಬೇಲಿಯ ಆಚೆ ನಿಂತು ಸೊಂಟಕ್ಕೆ ಕೈ ಕೊಟ್ಟಳು. ಕರು ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

“ಏನಕ್ಕ, ಅವ್ರೆ ಆಕಿದ್ದಯೋ, ಕುರಿಗ್ ಮೇವ್ ಆಕಿದ್ದಯೋ?”

“ನಿನ್ನ ಕಣ್ಣೇ ಬಿದ್ದಿರಬೇಕು ಕಣಮ್ಮಿ.”

“ನನ್ ಕಣ್ಗ ಅಷ್ಟು ಸಕ್ತಿ ಇದ್ದಿದ್ರೆ ಚಿರ್ತೆ ಮ್ಯಾಲೇ ಬುಡ್ತಿದ್ದೆ.”

ನಾನು ಹಳೆಯ ಚಪ್ಪಲಿಯೊಂದನ್ನು ಬಳ್ಳಿಗೆ ಕಟ್ಟಿದೆ. ಬೂದಿ ಎರಚಿದೆ. ಹುಳಿ ಮಜ್ಜಿಗೆ ನೀರಿಗೆ ಬೆರೆಸಿ ಚಿಮುಕಿಸಿದೆ. ಗೊಬ್ಬರ ಹೆಚ್ಚಾಯಿತು ಎಂದು ಸೊಸೆ ಹೇಳಿದಳು, ಕೊಟ್ಟಿಗೆಯ ಗಂಜಳ ಅಲ್ಲಿಗೇ ಹರಿಯುತ್ತದಲ್ಲ ಎಂದು. ಗಂಜಳ ಪ್ರತಿ ವರ್ಷವೂ ಅಲ್ಲಿಗೇ ಹರಿಯುತ್ತದೆ ಎಂದೆ. ಇನ್ನೊಂದು ವಿಚಿತ್ರ ಇತ್ತು. ಕೊಟ್ಟಿಗೆಯ ಗೋಡೆಯ ಹಿಂದಕ್ಕೆ ಹಬ್ಬಿದ್ದ ತುದಿ, ಒಂದು ಮಾರಿನಷ್ಟು, ಅದು ಮಾತ್ರ ಚೆನ್ನಾಗಿ ಹೂವಾಗಿತ್ತು. ಅದು ದಾರಿಗೆ ಕಾಣುವುದಿಲ್ಲ. ಹಾಗಾದರೆ ಕಣ್ಣು ಬಿದ್ದಿರುವುದು ದಾರಿಯಿಂದಲೇ ಎಂದು ತೀರ್ಮಾನ ಮಾಡಿ ಇನ್ನೊಂದು ಚಪ್ಪಲಿಯನ್ನೂ ದಾರಿಯ ಕಡೆಗೇ ಕಟ್ಟಿದೆ. ಜೊತೆ ಆಯಿತು.

ಮಾರ್ಗಶಿರದ ಚಳಿಯಲ್ಲಿ ಹೂವಿನ ಹೊಲದಲ್ಲಿ ಮೊದಲ ಕೊಯ್ಲು. ಹೊಲ ಪೂರ್ತಿ ಹಳದಿ. ಮೋಟಾರು ಮನೆಯ ಸುತ್ತ ಮಾತ್ರ ಬೊಕ್ಕತಲೆಯ ಹಾಗೆ ಹಸಿರು, ಮೊಗ್ಗೂ ಇಲ್ಲ. ಗೌಡರು ಮೋಟಾರು ನೋಡಿಕೊಳ್ಳುವವನನ್ನು ನಿಲ್ಲಿಸಿಕೊಂಡು ಬಯ್ಯುತ್ತಿದ್ದರು. ಆನೆಗೆ ಹೆದರಿ ಅವನು ಮೋಟಾರು ಮನೆಯ ಲೈಟನ್ನು ರಾತ್ರಿಯೆಲ್ಲ ಉರಿಸಿಕೊಂಡು ಮಲಗುತ್ತಿದ್ದನಂತೆ, ದಿನಾ.

ನನ್ನ ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಹೆಂಗಸು ತಲೆ ಎತ್ತದೆಯೇ ಹೇಳಿದಳು: “ಲೈಟ್ ಬಿದ್ದ ಕಡೆ ಎಲ್ ಊ ಬುಟ್ಟದು? ಆ ಗಿಡ್ಗೊಳ್ಗ ಇನ್ನೂವೇ ಅಗ್ಲು ಅಂತ್ಲೇ ಗ್ಯಾನ.”

ನಾನು ಪುಟ್ಟಿ ಕೆಳಗಿಟ್ಟು ಸಾಲಿನ ನಡುವೆ ಕೂತೆ.

“ಏನಮ್ಮಿ, ತಲೆ ಸುತ್ತದಾ?” ಅಂದಳು.

“ಊಂ,” ಅಂದೆ.

ಅವರೆಯೂ ಚಳಿಗೇ ಹೂ ಬಿಡುವ ಬಳ್ಳಿ, ಸೇವಂತಿಗೆಯ ಹಾಗೆಯೇ. ಅದಕ್ಕೂ ಕತ್ತಲೆ ಬೇಕು. ಗೋಡೆಯ ಹಿಂದಿನ ಮಾರುದ್ದ ಹೂ ಬಿಟ್ಟದ್ದು ಅಲ್ಲಿಗೆ ಬೆಳಕು ಬೀಳದ್ದರಿಂದ. ಎಷ್ಟು ವರ್ಷ ನಾನು ಆ ಹೊಲದಲ್ಲಿ ಬಲ್ಬು ಕಟ್ಟಿದ್ದೇನೆ, ಬಿಚ್ಚಿದ್ದೇನೆ. ಯಾಕೆ ಕಟ್ಟುತ್ತಾರೆ ಎಂದು ಕೇಳಿದವರಿಗೆ ಹೇಳಿಕೊಟ್ಟಿದ್ದೇನೆ. ಆದರೆ ಸೇವಂತಿಗೆ ಗೌಡರ ಹೊಲದ್ದು, ಅವರೆ ನಮ್ಮ ಬೇಲಿಯದು. ಎರಡನ್ನೂ ಒಂದೇ ತಲೆಯಲ್ಲಿ ಒಟ್ಟಿಗೆ ಇಟ್ಟಿರಲಿಲ್ಲ. ಹೂ ಬಿಡದಂತೆ ಮಾಡಲೆಂದೇ ಇರುವ ಬಲ್ಬನ್ನು ಗೋಗರೆದು ತಂದು ನನ್ನ ಅವರೆಯ ತಲೆಯ ಮೇಲೆ ನಾನೇ ಕಟ್ಟಿದ್ದೆ. ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆಯಾಸವಾಯಿತು, ಅಷ್ಟೇ. ಎದ್ದು ಸಾಲು ಮುಗಿಸಿದೆ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಬುದ್ಧಿವಂತೆ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಬಲ್ಬಿನ ಒಂದು ಪಕ್ಕಕ್ಕೆ ಕಟ್ಟೋಣ, ಬೆಳಕು ಅವರೆಯ ಮೇಲೆ ಬೀಳುವುದಿಲ್ಲ ಅಂದಳು. ಕಟ್ಟಿದೆವು. ಕತ್ತಲಾದ ಮೇಲೆ ನೋಡಿದರೆ ಅವರೆ ಬೇಲಿ ಕಪ್ಪಗೆ ನಿಂತಿದೆ. ಚಿರತೆ ಬರುವ ದಿಕ್ಕೂ ಅದೇ. ಆ ಕಡೆಯೇ ಕತ್ತಲಾದರೆ ಲೈಟು ಯಾವ ಚೆಂದಕ್ಕೆ? ಅಂಥ ಎಲೆಯ ಹಿಂದೆ ಚಿರತೆಯೇನು, ಬಸ್ಸು ನಿಲ್ಲಿಸಿದರೂ ಕಾಣುವುದಿಲ್ಲ.

ಮುದುಕ ಹಿಂದೆಯೇ ಬಂದು ನಿಂತಿದ್ದ. ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದಾನೆ.

“ಇಷ್ಟೇಯಾ?” ಅಂದ. “ಲೈಟ್ ಆರ್ಸಿ. ನಾನ್ ಕೊಟ್ಗೇಲಿ ಮಲಗ್ತೀನಿ. ಅವ್ರೆ ಊ ಬುಡ್ಲಿ.”

“ಎದೆ ಕಟ್ಕಂಡ್ರೆ?”

“ಕಟ್ಕಂಡ್ರೆ ಕಟ್ಕತದೆ. ಅವ್ರೆ ಇಲ್ದೆ ಚಳಿಗಾಲ ಎಂಗಮ್ಮಿ ಕಳ್ಯಾದು? ಈ ಕೂಸು ಏನ್ ತಿಂದದು?” ಮೊಮ್ಮಗಳನ್ನು ತೋರಿಸಿದ. ಅವಳು ಬಾಗಿಲಲ್ಲಿ ನಿಂತು ನನಗೆ ಅವರೆ ಅಂದರೆ ಆಗುವುದಿಲ್ಲ ಅಂದಳು. ಸುಳ್ಳು. ತಟ್ಟೆ ನೆಕ್ಕುತ್ತಾಳೆ.

“ಮಾವ, ಸುಮ್ಕಿರಿ. ತಗಡ ಇನ್ನೊಂದ್ ಕಡೀಗ್ ತಿರುಗ್ಸ್ತೀನಿ,” ಅಂದಳು ಸೊಸೆ.

“ಅಕ್ಕಡೀಗ್ ತಿರುಗ್ಸುದ್ರೆ ಕರೂನ ಮ್ಯಾಲ್ ಕತ್ಲೆ. ಬುಡವ್ವ.” ಅಷ್ಟು ಹೇಳಿ ಒಳಗೆ ಹೋದ. ಮಂಚದ ಕಾಲು ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು.

ಆ ರಾತ್ರಿ ಅವನು ಕೊಟ್ಟಿಗೆಯಲ್ಲೇ ಮಲಗಿದ. ಲೈಟು ಆರಿಸಿಯೇ ಮಲಗಿದ. ಬೆಳಿಗ್ಗೆ ಹಾಲು ಕರೆಯಲು ಹೋದರೆ ಮಂಚದ ಮೇಲೆ ಕೂತು ಮೊಣಕಾಲಿಗೆ ಕೈ ಊರಿ ಉಸಿರು ಎಳೆಯುತ್ತಿದ್ದಾನೆ. ಮಾತಾಡಲು ಆಗುತ್ತಿಲ್ಲ, ಕೈಯಲ್ಲಿ ಹೋಗು ಹೋಗು ಎಂದು ಸನ್ನೆ ಮಾಡುತ್ತಾನೆ. ಹಟಕ್ಕೆ ಮಾತ್ರ ಉಸಿರಿದೆ.

ನಾನು ಹಾಲಿನ ಚೊಂಬು ಕೆಳಗಿಟ್ಟೆ. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ಬೇಲಿಗೆ ಹೋದೆ. ಬೆಳಕು ಬೀಳುವ ಕಡೆ ಇದ್ದ ಅವರೆಯನ್ನೆಲ್ಲ ಬುಡಕ್ಕೆ ಕತ್ತರಿಸಿದೆ. ಎರಡು ಚಪ್ಪಲಿಯೂ ಕೆಳಗೆ ಬಿದ್ದವು. ಬಳ್ಳಿ ಎಳೆದರೆ ಬೇಲಿಯೇ ಬರುತ್ತಿತ್ತು, ಅಷ್ಟು ಹೆಣೆದುಕೊಂಡಿತ್ತು. ಒಂದು ಹೊರೆ ಆಯಿತು. ತಂದು ಹಸುವಿನ ಮುಂದೆ ಹಾಕಿದೆ. ಅದು ಮೂಸಿತು, ನನ್ನ ಮುಖ ನೋಡಿತು, ತಿನ್ನತೊಡಗಿತು. ಕರುವೂ ಒಂದು ಎಲೆ ಕಚ್ಚಿಕೊಂಡು ನಿಂತಿತು, ಅದಕ್ಕೆ ಇನ್ನೂ ತಿನ್ನಲು ಸರಿಯಾಗಿ ಬರುವುದಿಲ್ಲ.

ಸೊಸೆ ಬಾಗಿಲಿಗೆ ಬಂದು ನೋಡಿದಳು. ಉದುರಿದ್ದ ಎಲೆಗಳನ್ನು ಗುಡಿಸಿ ತಂದು ಅವನ್ನೂ ಹಸುವಿನ ಮುಂದೆ ಹಾಕಿದಳು.

ಮುದುಕನಿಗೆ ಉಸಿರು ತಿರುಗಿದ ಮೇಲೆ ಬಾಯಿ ಬಂತು. “ನಿಂಗೇನ್ ಬುದ್ಧಿ ಕೆಟ್ಟದ? ನಿಮ್ಮವ್ವನ ಮನೆ ಬೀಜ.”

“ಈಗ ಲೈಟ್ ಆರ್ಸಕ ಕಾರ್ಣ ಏನದೆ ಏಳು?” ಅಂದೆ.

ಅವನು ಕಂಬಳಿ ಎಳೆದುಕೊಂಡು ಒಳಗೆ ಎದ್ದು ಹೋದ. ಮಂಚವನ್ನು ಸೊಸೆ ಒಳಗೆ ತಂದಳು. ಬಾಗಿಲಲ್ಲಿ ಓರೆ ಮಾಡುವುದು ಅವಳಿಗೆ ಈಗ ರೂಢಿ.

ತಗಡನ್ನು ಬಿಚ್ಚಿ ಬಚ್ಚಲಿಗೆ ಅಡ್ಡ ಇಟ್ಟೆವು. ಅವರೆ ಹೋದ ಮೇಲೆ ಬೆಳಕು ಕೋರೆಯ ದಾರಿಯವರೆಗೂ ಹೋಗುತ್ತದೆ. ಚಿರತೆ ಆ ಮೇಲೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಹೆಜ್ಜೆ ಇತ್ತು ಎಂದು ಓರಗಿತ್ತಿ ಹೇಳುತ್ತಾಳೆ. ಲೈಟಿಗೆ ಹೆದರಿತೋ, ಬೇರೆ ಕಡೆ ಹೊಟ್ಟೆ ತುಂಬಿತೋ, ಅದನ್ನೇ ಕೇಳಬೇಕು. ಕರು ಇದೆ. ಮೀಟರು ನೂರರೊಳಗೆ ಇದೆ. ರೀಡಿಂಗಿನವನು ಬಂದವನು ಗಿರಣಿಯ ಮಾತು ಎತ್ತಲಿಲ್ಲ.

ಗೋಡೆಯ ಹಿಂದೆ ಉಳಿದಿದ್ದ ಮಾರುದ್ದದ ಬಳ್ಳಿಯಲ್ಲಿ ಕಾಯಿ ಬಲಿತಿತು. ಬೀಜಕ್ಕೆ ಒಂದಿಷ್ಟು ಬಿಟ್ಟು ಮಿಕ್ಕಿದ್ದನ್ನು ಕಿತ್ತು, ನೆನೆಸಿ, ಹಿಸುಕಿ ಸಾರು ಮಾಡಿದೆ. ಕಾಳಿಗಿಂತ ನೀರೇ ಹೆಚ್ಚು. ಮುದುಕ ಮುದ್ದೆ ಮುರಿದು ಅದ್ದಿದ.

“ಕಾಳೆಲ್ಲಮ್ಮಿ?” ಅಂದ.

“ಅಸೂನ ಕೇಳೋಗು.”

ಅವನು ಇನ್ನೊಂದು ಸೌಟು ಹಾಕಿಸಿಕೊಂಡ. ಉಂಡು, ಕೈ ತೊಳೆದು, ಕಿಟಕಿಯ ಹತ್ತಿರ ಹೋಗಿ ಕೊಟ್ಟಿಗೆಯ ಕಡೆ ನೋಡಿದ. ಉರಿಯುತ್ತಿತ್ತು. ಬಂದು ಮಲಗಿದ. ಇದು ಅವನ ದಿನದ ಕೆಲಸ, ನೋಡದೆ ಮಲಗುವುದಿಲ್ಲ. ನಡುರಾತ್ರಿ ನನಗೆ ಎಚ್ಚರವಾದರೆ ನಾನೂ ನೋಡುತ್ತೇನೆ, ಅದು ಬೇರೆ ಮಾತು.

ಮುಂದಿನ ಮಳೆಗೆ ಆ ಬೇಲಿಗೆ ಏನು ಹಾಕುವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಕುಂಬಳ ಹಾಕಿದರೆ ಆನೆಯನ್ನು ಕರೆದು ಕೂರಿಸಿದ ಹಾಗೆ. ಅವರೆಯನ್ನು ಮನೆಯ ಆಚೆ ಪಕ್ಕಕ್ಕೆ, ಕತ್ತಲೆಯ ಕಡೆ ಹಾಕಬೇಕು. ಅಲ್ಲಿ ಬರೀ ಕಲ್ಲು. ಸಂಜೆ ಕೂಲಿಯಿಂದ ಬಂದು ಸೊಸೆಯೂ ನಾನೂ ಒಂದೊಂದು ಕಲ್ಲು ಎತ್ತಿ ಹಾಕುತ್ತಿದ್ದೇವೆ. ಮಳೆ ಬರುವ ಹೊತ್ತಿಗೆ ಒಂದು ಪಾತಿಯಷ್ಟು ಮಣ್ಣು ಕಂಡರೆ ಸಾಕು.